ಸಾಂಬಾರ್ ಪಾರ್ಸಲ್‌ನ ಗಂಟು

"ಇವತ್ತಿನ ಸುಳ್ಳು ಎಂತದ್ದು ಚಿನ್ಮಯ್?"

ಅವನ ಫೋನ್ ಕೇಳಿ ಹೊರಟು ಬಂದಿದ್ದ ಪೂಜಿತಾ, ರಿಕ್ಷಾ ಪೂರ್ತಿ ನಿಲ್ಲುವ ಮೊದಲೇ ಕೆಳಗಿಳಿದಿದ್ದಳು. ಕಾಟೈ ನಾಕಾದ ರಸ್ತೆಬದಿಯ ಕೆಸರಿನಲ್ಲಿ ಮಂಡಿಯೂರಿದ್ದ ಚಿನ್ಮಯ್ ತಲೆಯೆತ್ತಿದ. ಕೈಯೆಲ್ಲ ಮಸಿ. ಎದುರಿಗೆ ಅವನ ತಂದೆಯ ಕಾಲದ ಬೈಕ್ ನಿಂತಿತ್ತು.

"ಸುಳ್ಳಲ್ಲ ಪೂಜಿ... ನಿಜವಾಗ್ಲೂ ಸ್ಟಾರ್ಟ್ ಆಗ್ತಿಲ್ಲ."

"ರಬಾಳೆಯ ಫ್ಯಾಕ್ಟರಿಯಲ್ಲಿ ದೊಡ್ಡ ದೊಡ್ಡ ಮೆಷಿನ್ ರಿಪೇರಿ ಮಾಡ್ತೀರಿ. ಒಂದು ಬೈಕ್ ಸ್ಟಾರ್ಟ್ ಮಾಡ್ಲಿಕ್ಕೆ ಬರುದಿಲ್ವಾ? ಯಾರು ನಂಬ್ತಾರೆ?"

ಅವನು ಮತ್ತೆ ಬಗ್ಗಿ ಪ್ಲಗ್ ಬಿಚ್ಚತೊಡಗಿದ. ಅವಳ ಗಡಿಯಾರದಲ್ಲಿ ಹತ್ತೂ ಇಪ್ಪತ್ತು!

ಪೂಜಿತಾಳ ಅಪ್ಪ ಲೋಕನಾಥ ರಾಯರದು ಡೊಂಬಿವಲಿ ಸ್ಟೇಷನ್ ಪಕ್ಕದ ಉಡುಪಿ ಹೋಟೆಲ್. ಇಪ್ಪತ್ತೆಂಟು ವರ್ಷಗಳಲ್ಲಿ ಅವರ ಐದೂವರೆಯ ಶಟರ್ ಒಮ್ಮೆಯೂ ಐದು ಮೂವತ್ತೊಂದಕ್ಕೆ ಎದ್ದದ್ದಿಲ್ಲ. ಅಂಥವರ ಮಗಳನ್ನು ಕೇಳಲು ಬರಬೇಕಾದ ಈ ಮೈಸೂರಿನ ಹುಡುಗ, 2009ರ ಈ ಮಳೆಗಾಲದಲ್ಲಿ ಆಗಲೇ ಎರಡು ಭಾನುವಾರ ಎರಡೆರಡು ಗಂಟೆ ತಡಮಾಡಿದ್ದ. ಎರಡು ಸಲವೂ ಒಂದೇ ಕಾರಣ, ಬೈಕ್.

ಇವತ್ತು ಬೆಳಿಗ್ಗೆ ರಾಯರು ಗಲ್ಲಾದಲ್ಲಿ ಕೂತೇ ಹೇಳಿದ್ದರು. "ಹನ್ನೊಂದಕ್ಕೆ ಅವ ಬರ್ಲಿಲ್ಲಾಂದ್ರೆ ಮುಲುಂಡ್‌ನ ಹುಡುಗನ ಮನೆಯವರಿಗೆ ಹೂಂ ಹೇಳ್ತೇನೆ. ಮತ್ತೆ ಅಳ್ಬಾರ್ದು ನೀನು."

ಅಪ್ಪ ಆಡಿದ ಮಾತಿಗೆ ತಪ್ಪುವವರಲ್ಲ.

"ರಿಕ್ಷಾ ಹತ್ತಿ ಬರ್ಬಹುದಿತ್ತಲ್ಲ?" ಅವಳು ಕೇಳಿದಳು.

"ಇನ್ನೈದು ನಿಮಿಷ ನೋಡೋಣ ಅಂತ... ಅಪ್ಪನ ಬೈಕ್ ಕಣೇ. ರೋಡಲ್ಲಿ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ."

ಮನಸ್ಸಿದ್ದರೆ ಮಾರ್ಗ ಅಂತಾರೆ... ಮದುವೆಗೇ ಇವನಿಗೆ ಮನಸ್ಸಿಲ್ಲವೇನೋ!

ಅವನು ಪ್ಲಗ್ಗನ್ನು ಎಂಜಿನ್‌ಗೆ ತಾಗಿಸಿ ಕಿಕ್ ಹೊಡೆದ. ನೀಲಿ ಕಿಡಿ ಹಾರಿತು.

"ನೋಡು, ಕರೆಂಟ್ ಬರ್ತಿದೆ. ನಿನ್ನೆ ಸಂಜೆ ತಾನೇ ಟ್ಯಾಂಕ್ ಫುಲ್ ಮಾಡಿಸಿದ್ದು. ಆದ್ರೆ ಎಂಜಿನ್‌ಗೆ ಪೆಟ್ರೋಲ್ ಇಳೀತಿಲ್ಲ. ಪೈಪ್ ಕಳಚಿದೆ, ನಾಲ್ಕು ಹನಿ ಬಿದ್ದು ನಿಂತ್ಹೋಯ್ತು. ಪ್ರತಿ ಸಲ ಮೆಕ್ಯಾನಿಕ್ ಮುಟ್ಟಿದ ತಕ್ಷಣ ಸರಿಹೋಗತ್ತೆ. ಅರ್ಧ ದಾರೀಲಿ ಮತ್ತೆ ಇದೇ ಕಥೆ!"

"ನನಗೆ ಪೆಟ್ರೋಲ್ ಪಾಠ ಬೇಡ!" ಅವಳ ಕಣ್ಣು ತುಂಬಿ ಬಂತು. "ಒಂದೇ ಮಾತು ಹೇಳಿ. ನಿಮಗೆ ಈ ಬೈಕ್ ಬೇಕಾ, ನಾನು ಬೇಕಾ?"

ಹೋಗುವುದಾ ಎಂದು ರಿಕ್ಷಾದವನು ಹಾರ್ನ್ ಹೊಡೆದ. "ಮ್ಯಾಡಮ್, ಜಾಯ್ಚಂ ಕಾ?"

ಚಿನ್ಮಯ್ ಎದ್ದು ನಿಂತ. ಕೀ ತೆಗೆದು ಜೇಬಿಗೆ ಹಾಕಿಕೊಂಡ.

"ನಡಿ, ಹೋಗೋಣ."

ಅವಳು ಅವನ ಮುಖವನ್ನೇ ನೋಡಿದಳು. ಬೈಕಿನತ್ತ ತಿರುಗಿದ ಅವನ ಕಣ್ಣು ಕೆಂಪಾಗಿತ್ತು.

"ಅಪ್ಪ ಹೋದ್ಮೇಲೆ ನನ್ನದು ಅಂತ ಉಳಿದಿದ್ದು ಇದೊಂದೇ ಅನ್ಕೊಂಡಿದ್ದೆ. ಈಗ ನೀನಿದ್ದೀಯ... ಒಂದು ನಿಮಿಷ ಪೂಜಿ, ಅದನ್ನ ಮಾತ್ರ ಬಿಚ್ಚಿಕೊಡು. ನನ್ನ ಕೈ ಮಸಿಯಾಗಿದೆ. ಬೈಕ್ ಯಾರಾದ್ರೂ ಎತ್ಕೊಂಡು ಹೋದ್ರೂ ಅದು ಹೋಗ್ಬಾರ್ದು. ನೀನು ಕಟ್ಟಿದ್ದು."

ಅವನು ತೋರಿಸಿದ್ದು ಟ್ಯಾಂಕಿನ ಮುಚ್ಚಳಕ್ಕೆ ಬಿಗಿದಿದ್ದ ಪ್ಲಾಸ್ಟಿಕ್!

ಮೊದಲ ಮಳೆಯ ದಿನ ಪೆಟ್ರೋಲಿಗೆ ನೀರು ಸೇರಬಾರದೆಂದು ಅವಳೇ ಕಟ್ಟಿದ್ದು. ಹೋಟೆಲಿನ ಪಾರ್ಸಲ್ ಚೀಲ, ಬಿಳಿ ದಾರ. ಸಾಂಬಾರ್ ಪಾರ್ಸಲ್ ಕಟ್ಟುವ ಗಂಟು, ತಲೆಕೆಳಗಾದರೂ ಒಂದು ಹನಿ ಸೋರದ್ದು. ಪೆಟ್ರೋಲ್ ಹಾಕಿಸಿದಾಗಲೆಲ್ಲ ಅವನೂ ಅವಳು ಕಲಿಸಿದ ಹಾಗೆಯೇ ಮತ್ತೆ ಬಿಗಿಯುತ್ತಿದ್ದ.

ಇದನ್ನೂ ಇಷ್ಟು ಜೋಪಾನ ಮಾಡಿದ್ದಾನಾ... ಮನಸ್ಸಿಲ್ಲದವನೆಂದು ಇವನನ್ನೇ ಅಂದುಕೊಂಡೆನಾ ನಾನು?

ಅವಳು ದಾರ ಬಿಚ್ಚಿ, ಪ್ಲಾಸ್ಟಿಕ್ ಎಳೆದಳು.

'ಸ್ಸ್ಸ್...'

ಮುಚ್ಚಳ ಉಸಿರೆಳೆದುಕೊಂಡಿತು. ಮರುಕ್ಷಣವೇ ಕಳಚಿದ್ದ ಪೈಪಿನಿಂದ ಪೆಟ್ರೋಲ್ ಧಾರೆಯಾಗಿ ಸುರಿಯತೊಡಗಿತು!

ಚಿನ್ಮಯ್ ಓಡಿ ಬಂದು ಟ್ಯಾಂಕಿನ ನಲ್ಲಿ ತಿರುಗಿಸಿ ನಿಲ್ಲಿಸಿದ. ಮುಚ್ಚಳ ನೋಡಿದ, ಅವಳ ಕೈಯ ಪ್ಲಾಸ್ಟಿಕ್ ನೋಡಿದ, ಹಣೆ ಚಚ್ಚಿಕೊಂಡ.

"ಗಾಳಿ! ಮುಚ್ಚಳದ ತೂತಿಂದ ಗಾಳಿ ಒಳಗೆ ಹೋದ್ರೆ ತಾನೇ ಪೆಟ್ರೋಲ್ ಕೆಳಗೆ ಇಳಿಯೋದು! ಮೆಕ್ಯಾನಿಕ್ ಮೊದಲು ಇದನ್ನೇ ಬಿಚ್ಚಿ ಒಳಗೆ ನೋಡ್ತಿದ್ದ. ಅದಕ್ಕೇ ಸರಿಹೋಗ್ತಿತ್ತು, ನಾನು ಮತ್ತೆ ಕಟ್ತಿದ್ದೆ!"

ಇಷ್ಟು ಗೊತ್ತಿದ್ದವನಿಗೆ ಇದುವರೆಗೆ ಹೊಳೆಯಲಿಲ್ಲವೇ ಎಂದು ಕೇಳಬೇಡಿ. ಪ್ರೀತಿಸಿದವಳು ಕಟ್ಟಿಕೊಟ್ಟದ್ದರಲ್ಲಿ ತಪ್ಪು ಹುಡುಕುವವರು ಯಾರು?

"ಅಂದ್ರೆ... ಆ ಎರಡು ಭಾನುವಾರ... ನನ್ನಿಂದಲಾ?" ಅವಳು ಕಣ್ಣೊರೆಸಿಕೊಂಡಳು.

"ಆಮೇಲೆ ಅಳು. ಈಗ ರಿಕ್ಷಾ ಕಳಿಸಿ ಹತ್ತು!"

ಪೈಪ್, ಪ್ಲಗ್ ಕೂರಿಸಿ ಎರಡನೇ ಕಿಕ್‌ಗೆ ಬೈಕ್ ಗುಡುಗಿತು. ಹತ್ತೂ ನಲವತ್ತು... ಹೊಂಡಗಳು, ಲಾರಿಗಳು, ಸಿಗ್ನಲ್... ದೇವರೇ, ಹನ್ನೊಂದಾಯಿತು!

ಹೋಟೆಲಿಗೆ ನುಗ್ಗಿದಾಗ ಹನ್ನೊಂದೂ ಏಳು. ರಾಯರ ಕೈಯಲ್ಲಿ ಫೋನು, ಬೆರಳು ನಂಬರಿನ ಮೇಲೆ.

"ಏಳು ನಿಮಿಷ ಲೇಟು," ಅಂದರು ಅವರು, ಮುಖವೆತ್ತದೆ.

"ಅಪ್ಪಾ, ಇವರದು ತಪ್ಪಿಲ್ಲ!" ಪೂಜಿತಾ ಪ್ಲಾಸ್ಟಿಕ್ಕನ್ನೂ ದಾರವನ್ನೂ ಗಲ್ಲಾದ ಮೇಲಿಟ್ಟು ಒಂದೇ ಉಸಿರಿಗೆ ಎಲ್ಲ ಹೇಳಿದಳು. "ನಾನು ಕಟ್ಟಿದ ಗಂಟು. ನನ್ನ ತಪ್ಪಿಗೆ ಇವರನ್ನು ಬಿಟ್ಟುಬಿಡು ಅಂತ ಹೇಳ್ಬೇಡಿ ಅಪ್ಪಾ... ನನ್ನಿಂದ ಆಗುದಿಲ್ಲ."

ರಾಯರು ದಾರವನ್ನು ಎತ್ತಿ ನೋಡಿದರು. ಆಮೇಲೆ ಮಸಿ ಬಳಿದುಕೊಂಡು ನಿಂತಿದ್ದ ಹುಡುಗನನ್ನು ನೋಡಿದರು.

"ಈ ಗಂಟು ನಿನಗೆ ಕಲಿಸಿದ್ದು ಯಾರು?"

"...ನೀವೇ."

ಅವರು ಫೋನನ್ನು ನಿಧಾನವಾಗಿ ಕೆಳಗಿಟ್ಟರು. ಮೀಸೆಯಂಚು ಅಲುಗಿತು.

"ಹಾಗಾದ್ರೆ ತಪ್ಪು ನನ್ನದೂ ಉಂಟು. ಮುಲುಂಡ್‌ನವರಿಗೆ ಬೇಡ ಅಂತ ಹೇಳ್ತೇನೆ. ನೀವು ಕೈ ತೊಳ್ಕೊಂಡು ಬನ್ನಿ ಮಾರಾಯ್ರೇ, ಇಡ್ಲಿ ತಣಿತದೆ."

ಕೈ ತೊಳೆಯುವಲ್ಲಿ ಪೂಜಿತಾ ಅವನ ಬೆರಳುಗಳ ಮಸಿಯನ್ನು ತಾನೇ ಉಜ್ಜಿದಳು. ಹೊರಗೆ ಮತ್ತೆ ಮಳೆ ಶುರುವಾಗಿತ್ತು.

"ಇನ್ನು ಮಳೆಗೆ ಟ್ಯಾಂಕಿಗೆ ಎಂತ ಮಾಡುದು?"

"ನೀನೇ ಹೇಳು."

"ನಾನು ಹಿಂದೆ ಕೂತು ಕೊಡೆ ಹಿಡೀತೇನೆ. ಜೀವನ ಪೂರ್ತಿ."

ಅವನು ಅವಳ ಒದ್ದೆ ಕೈಯನ್ನು ಬಿಡಲಿಲ್ಲ.

"ಹಿಡಿ... ಆದ್ರೆ ಕೊಡೇನ ಎಲ್ಲಿಗೂ ಕಟ್ಬೇಡ ಮಾರಾಯ್ತಿ!"