ಬೂದಿಕಣ್ಣನ ಪಿಂಗಾಣಿ ಸಿಪಾಯಿ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ನೆನಪಿಲ್ಲದಷ್ಟು ಹಿಂದೆ, ಕಲ್ಮುಡಿ ಅಂತೊಂದು ರಾಜ್ಯವಿತ್ತು. ಇತ್ತು ಅಂತ ಹೇಳಬೇಕು ಅಷ್ಟೆ; ಜನವೇ ಕರಗುತ್ತಾ ಹೋದರೆ ಅದೆಂಥ ರಾಜ್ಯ? ಊರಾಚೆಯ ಬೆಟ್ಟದ ಮೇಲೆ ಬೂದಿಕಣ್ಣ ಅನ್ನೋ ಮಾಂತ್ರಿಕನಿದ್ದ. ಅವನು ಯಾರ ಮೇಲೆ ಉಸಿರು ಬಿಟ್ಟರೂ ಅವರು ಗೇಣುದ್ದದ ಪಿಂಗಾಣಿ ಬೊಂಬೆಯಾಗುತ್ತಿದ್ದರು. ಆ ಬೊಂಬೆಗಳನ್ನು ಹೊತ್ತುಕೊಂಡು ಹೋಗಿ ತನ್ನ ಮನೆಯ ಗೂಡುಗಳಲ್ಲಿ ಜೋಡಿಸುತ್ತಿದ್ದ. ಕಲ್ಮುಡಿಯ ಒಂದೊಂದು ಮನೆಯಲ್ಲೂ ಯಾರಿಗೋ ಹಾಕಿದ ಎಲೆ ಹಾಗೇ ಉಳಿಯುತ್ತಿತ್ತು.

ಅವನನ್ನು ಕೊಂದೇ ತೀರುತ್ತೇನೆಂದು ಹೋದ ಯುವರಾಜ ಬೊಮ್ಮರಸನೂ ತಿರುಗಿ ಬರಲಿಲ್ಲ. ಅವನ ತಂಗಿ ದೇಮಾಂಬೆ ಅನ್ನನೀರು ಬಿಟ್ಟು ಕೂತಳು. ಹದಿನಾರು ತುಂಬದ ಹುಡುಗಿ. ತಾಯಿಯಿಲ್ಲದ ಅವಳಿಗೆ ಅಣ್ಣನೇ ಎಲ್ಲ.

ಅವಳನ್ನು ಸಾಕಿದ ಸಣ್ಣಜ್ಜಿ ಕಿವಿಯಲ್ಲಿ ಹೇಳಿದಳು: "ಆ ಪಾಪಿಯ ಪ್ರಾಣ ಅವನ ಮೈಯಲ್ಲಿಲ್ಲ ಕಣವ್ವಾ. ಕಡಲಾಚೆಯಿಂದ ಬಂದ ಪಿಂಗಾಣಿ ಸಿಪಾಯಿಯ ಎದೆಯಲ್ಲಿ ಬಚ್ಚಿಟ್ಟಿದ್ದಾನೆ. ಆ ಬೊಂಬೆ ಒಡೆದರೆ ಅವನು ಸತ್ತ, ನಿನ್ನಣ್ಣ ಎದ್ದ."

ದೇಮಾಂಬೆ ಬೆಟ್ಟ ಹತ್ತಿದಳು. ಮೊದಲನೇ ಬಾಗಿಲಲ್ಲಿ ಕಲ್ಲಿನ ಹುಲಿ ಮಲಗಿತ್ತು.

"ಒಳಗೆ ಬಿಡ್ತೀನಿ, ಏನು ಕೊಡ್ತೀ?" ಅಂದಿತು ಹುಲಿ.

"ಏನು ಬೇಕು?"

"ನಿನ್ನ ಜಡೆ."

ಕೊಯ್ದು ಕೊಟ್ಟಳು. ಎರಡನೇ ಬಾಗಿಲಲ್ಲಿ ಎರಡು ತಲೆಯ ಹಾವು ಹೆಡೆಯೆತ್ತಿತು.

"ಒಳಗೆ ಬಿಡ್ತೀನಿ, ಏನು ಕೊಡ್ತೀ?"

"ಏನು ಬೇಕು?"

"ನಿನ್ನ ನಗು."

ಅಣ್ಣನಿಲ್ಲದ ಮನೆಯಲ್ಲಿ ನಗು ಇಟ್ಟುಕೊಂಡು ಏನು ಮಾಡಲಿ ಅಂತ ಅದನ್ನೂ ಕೊಟ್ಟಳು. ಮೂರನೇ ಬಾಗಿಲಿಗೆ ಕಾವಲೇ ಇರಲಿಲ್ಲ. ನಿಜವಾದ ಕಷ್ಟ ಅಲ್ಲೇ ಕಾದಿದೆ ಅಂತ ಅವಳಿಗೇನು ಗೊತ್ತು, ಪಾಪ.

ಒಳಗೆ ಗೋಡೆಯ ತುಂಬ ಗೂಡು, ಗೂಡಿನ ತುಂಬ ಬೊಂಬೆ. ಬಾಗಿಲ ಪಕ್ಕದಲ್ಲೇ ಅಣ್ಣ, ಕತ್ತಿ ಎತ್ತಿದ ಕೈ ಎತ್ತಿದ ಹಾಗೇ. ನಡುಗೂಡಿನಲ್ಲಿ ಸಿಪಾಯಿ: ನೀಲಿ ಅಂಗಿ, ಮೊಣಕಾಲುದ್ದದ ಬೂಟು, ಕರಡಿತುಪ್ಪಳದ ಎತ್ತರದ ಟೋಪಿ, ಕೆನ್ನೆಗೆ ಗುಲಾಬಿ ಬಣ್ಣ. ಹಳತಾಗಿ ಮೈಯೆಲ್ಲ ಕೂದಲೆಳೆಯಂಥ ಬಿರುಕು. ದೇಮಾಂಬೆ ಎತ್ತಿಕೊಂಡಳು. ಬೊಂಬೆ ಬೆಚ್ಚಗಿತ್ತು.

"ಒಡಿ, ಒಡಿ, ಆದರೆ ಮೊದಲು ಕೇಳು," ಅಂತ ಹಿಂದಿನಿಂದ ದನಿ ಬಂತು. ಬೂದಿಕಣ್ಣ ಹೊಸ್ತಿಲಲ್ಲಿ ನಿಂತಿದ್ದ. ಉಸಿರು ಬಿಟ್ಟರೆ ಅವಳ ಕೈಯಿಂದ ಬೊಂಬೆ ಜಾರೀತು ಅನ್ನೋ ಭಯಕ್ಕೆ ಮಾತು ಬೆಣ್ಣೆಯಾಗಿತ್ತು. "ಅವನೂ ನಿನ್ನಣ್ಣನ ಹಾಗೆ ಒಬ್ಬ ತಾಯಿ ಹೆತ್ತ ಮಗ. ನಿನ್ನ ತಾತ ಹುಟ್ಟೋಕೆ ಮೊದಲೇ, ಹಡಗಿನಿಂದ ಇಳಿದವನನ್ನು ಹಿಡಿದು ತಂದೆ. ಒಡೆದರೆ ಉಳಿದವರೆಲ್ಲ ಏಳ್ತಾರೆ, ಇವನು ಮಾತ್ರ ಏಳೋದಿಲ್ಲ. ಆ ಪಾಪ ಹೊರ್ತೀಯಾ, ರಾಜಕುಮಾರಿ?"

ದೇಮಾಂಬೆ ಬಾಗಿಲ ಪಕ್ಕದ ಅಣ್ಣನನ್ನು ನೋಡಿದಳು. ಅಣ್ಣ ಬೇಕು, ಆದರೆ ಹೀಗೆ ಬೇಕೆ? ಬೊಂಬೆಯನ್ನು ಮುಖದ ಹತ್ತಿರ ಹಿಡಿದು ಕೇಳಿದಳು: "ಏನಪ್ಪಾ, ನಿನ್ನನ್ನ ಒಡೀಲಾ?"

ಬೊಂಬೆಯಾದವರಿಗೂ ಕಣ್ಣು, ಕಿವಿ, ದನಿ ಸತ್ತಿರಲಿಲ್ಲ. ಆದರೆ ಪರದೇಶದವನಿಗೆ ನಮ್ಮ ಮಾತು ಎಲ್ಲಿಂದ ಬರಬೇಕು? ಅಕ್ಕಪಕ್ಕದ ಗೂಡುಗಳಲ್ಲಿ ಅತ್ತವರಿಂದ ಕಲಿತದ್ದಷ್ಟೆ: ನೀರು, ಬೇಡ, ಅಮ್ಮಾ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಗೂಡುಗಳ ಕಡೆ ಒಮ್ಮೆ ಕಣ್ಣು ಹೊರಳಿಸಿದ. ಆಮೇಲೆ ಅವಳನ್ನು ನೋಡಿ, "ಅಮ್ಮಾ," ಅಂದ.

ಅವಳನ್ನೇ ಕರೆದನೋ, ಕಡಲಾಚೆ ಕಾದು ಕಾದು ಸತ್ತ ತನ್ನ ತಾಯಿಯನ್ನು ನೆನೆದನೋ, ಯಾರು ಹೇಳಬೇಕು. ದೇಮಾಂಬೆ ಕಣ್ಣು ಮುಚ್ಚಿ ಬೊಂಬೆಯನ್ನು ನೆಲಕ್ಕೆ ಬಿಟ್ಟಳು.

ಬೂದಿಕಣ್ಣ ನಿಂತಲ್ಲೇ ಬೂದಿಯಾದ. ಗೂಡುಗಳಿಂದ ಜನ ಇಳಿದರು. ಬೊಮ್ಮರಸ ತಂಗಿಯನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತ. ಊರಿಗೆ ಊರೇ ಹಬ್ಬ ಮಾಡಿತು. ಅವಳ ಜಡೆ ಬೆಳೆಯಿತು, ನಗು ತಡವಾಗಿ ಬಂತು. ಕಲ್ಮುಡಿಯವರು ಉಂಡುಟ್ಟು ಬಹುಕಾಲ ಸುಖವಾಗಿದ್ದರು, ಅದರಲ್ಲಿ ಸುಳ್ಳಿಲ್ಲ.

ಆದರೆ ಹಬ್ಬಕ್ಕೆ ಮೊದಲು ಒಂದು ಕೆಲಸ ನಡೆಯಿತು. ದೇಮಾಂಬೆ ಚೂರುಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಹೊಳೆಗೆ ಬಂದಳು. ಹೆಣ್ಣುಮಕ್ಕಳು ಕರ್ಮ ಮಾಡುವಂತಿಲ್ಲ ಅಂದವರನ್ನು ಅಣ್ಣ ಸುಮ್ಮನಿರಿಸಿದ. ಪುರೋಹಿತರು ದರ್ಭೆ ಹಿಡಿದುಕೊಂಡು ಪೇಚಿಗೆ ಬಿದ್ದರು. ಸತ್ತವನ ಹೆಸರು ಗೊತ್ತಿಲ್ಲ, ಗೋತ್ರ ಗೊತ್ತಿಲ್ಲ, ಊರು ಗೊತ್ತಿಲ್ಲ.

"ಯಾರು ಅಂತ ಹೇಳಲಿ, ಅಮ್ಮಣ್ಣಿ? ನಿಮಗೆ ಅವನು ಏನಾಗಬೇಕು?"

ದೇಮಾಂಬೆ ಚೂರುಗಳನ್ನು ನೀರಿಗೆ ಬಿಡುತ್ತಾ, "ಮಗ," ಅಂದಳು.