ನೋವಿಲ್ಲ ಎಂದ ಪರದೆ

"ಈ ಸಾಲು ಬರೆದ ಮಹಾನುಭಾವರು ಯಾರು?"

ಇಡೀ ಕೋಣೆ ಕೀಲಿಮಣೆಯಿಂದ ಕೈ ತೆಗೆಯಿತು. ಪಶು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಆ ಕಚೇರಿಯಲ್ಲಿ ತಪ್ಪು ಹುಡುಕುವುದೇ ಹಾಗೆ ಕೇಳಿದವಳ ಕೆಲಸ. ಬೆನ್ನ ಹಿಂದೆ ಎಲ್ಲರೂ ಅವಳನ್ನು ಚೇಳಕ್ಕ ಎನ್ನುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು.

ಮೂಲೆಯಲ್ಲಿ ಹೊಸಬನೊಬ್ಬ ಎದ್ದು ನಿಂತ. "ನಾನೇ..."

"ಔಷಧಿ ಎರಡು ಮಿಲಿ ಅಂತ ಟೈಪ್ ಮಾಡಿದೆ. ದೊಡ್ಡ ನಾಯಿಗೆ ಇನ್ನೊಂದು ಮಿಲಿ ಸೇರಿಸಬೇಕು. ನಿಮ್ಮ ಪ್ರೋಗ್ರಾಂ ಇಪ್ಪತ್ತೊಂದು ಅಂತಿದೆ! ನಾಯಿನ ಗುಣ ಮಾಡೋಕೋ, ಮೇಲಕ್ಕೆ ಕಳಿಸೋಕೋ?"

ಯಾರೋ ಕಿಸಕ್ಕೆಂದರು.

"ಬಾಕ್ಸಲ್ಲಿ ಟೈಪ್ ಮಾಡಿದ ಎರಡು ಬರೀ ಅಕ್ಷರ, ಸಂಖ್ಯೆ ಅಲ್ಲ," ಎಂದ ಅವನು ಮೆಲ್ಲಗೆ. "ನಾವು ಪ್ರೋಗ್ರಾಂ ಬರೆಯೋ ಜಾವಾಸ್ಕ್ರಿಪ್ಟ್ ಭಾಷೆ, ಕೂಡಿಸೋ ಒಂದನ್ನೂ ಅಕ್ಷರ ಮಾಡಿ ಪಕ್ಕಕ್ಕೆ ಅಂಟಿಸ್ತು. ನಾನೇ ಮೊದಲು ಸಂಖ್ಯೆ ಮಾಡ್ಕೋಬೇಕಿತ್ತು. ಮರೆತೆ."

"ಮರೆತರಂತೆ! ಪಾಪ!"

ಮುಖ ಚೆನ್ನಾಗಿದೆ, ತಲೆಯಲ್ಲಿ ಬರೀ ಹೊಟ್ಟು... ಎಂದುಕೊಂಡಳು. ಮುಖದ ವಿಷಯ ಯಾಕೆ ಬಂತೆಂದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಅವನು ವಾದ ಮಾಡುವವನಲ್ಲ. ಬೈದದ್ದನ್ನೆಲ್ಲ ತಿದ್ದಿ ತಂದು ತೋರಿಸುತ್ತಿದ್ದ. ಬರಬರುತ್ತಾ ಬೈಯುವುದಕ್ಕೊಂದು ನೆಪ ಹುಡುಕಿಕೊಂಡು ಅವಳೇ ಅವನ ಮೇಜಿಗೆ ಹೋಗತೊಡಗಿದಳು.

ಒಂದು ಸಂಜೆ, ಲಿಫ್ಟಿನ ಮುಂದೆ ಅವನು ಕೇಳಿಯೇಬಿಟ್ಟ. "ನನ್ನ ಮದುವೆ ಆಗ್ತೀರಾ?"

ಅವಳು ಲಿಫ್ಟಿನ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದಳು. ಇವನೂ ನನ್ನನ್ನು ಆಡಿಕೊಳ್ಳುತ್ತಿದ್ದಾನಾ? ಒಳಗಿನವರೆಲ್ಲ ಬಾಗಿಲ ಹಿಂದೆ ನಗುತ್ತಿದ್ದಾರಾ? ಲಿಫ್ಟ್ ಬಂತು. ಏನೂ ಹೇಳದೆ ಹತ್ತಿಬಿಟ್ಟಳು.

ಮರುದಿನ ಮ್ಯಾನೇಜರ್ ಹೇಳಿದರು, "ಅವನು ಬೇರೆ ಊರಿನ ಆಫೀಸಿಗೆ ವರ್ಗ ಕೇಳಿದ್ದಾನಮ್ಮ. ಶುಕ್ರವಾರ ಹೊರಡ್ತಾನೆ. ಅಷ್ಟರೊಳಗೆ ಅವನ ಕೆಲಸ ಒಮ್ಮೆ ನೋಡಿಬಿಡು."

ಇಷ್ಟೇನಾ ಇವನ ಪ್ರೀತಿ! ಥೂ! ಬಾತ್‌ರೂಮಿನ ನಲ್ಲಿ ಜೋರಾಗಿ ತಿರುಗಿಸಿ ಅತ್ತಳು. ಮುಖ ತೊಳೆದು ಬಂದು ಅವನ ಪಕ್ಕ ಕುಳಿತಳು.

ಪರದೆಯ ಮೇಲೆ ಬೆಕ್ಕೊಂದರ ದಾಖಲೆಯಿತ್ತು. 'ನೋವಿನ ಅಂಕ' ಎಂಬ ಬಾಕ್ಸನ್ನು ಅವಳು ಬೇಕೆಂದೇ ಖಾಲಿ ಬಿಟ್ಟು ಗುಂಡಿ ಒತ್ತಿದಳು.

'ನೋವಿಲ್ಲ' ಎಂದಿತು ಪರದೆ.

"ನಾನೇನೂ ತುಂಬಿಲ್ಲ. ನೋವಿಲ್ಲ ಅಂತ ಇದಕ್ಕೆ ಯಾರು ಹೇಳಿದ್ರು?"

ಅವನು ಬಗ್ಗಿ ನೋಡಿದ. "ಕಟ್ಟುನಿಟ್ಟಿನ ಹೋಲಿಕೆಗೆ ಮೂರು ಸಮ ಚಿಹ್ನೆ, ನಾನು ಎರಡೇ ಹಾಕಿ ಸೊನ್ನೆ ಜೊತೆ ಹೋಲಿಸಿದೀನಿ. ಹಾಗೆ ಹೋಲಿಸಿದ್ರೆ ಅದು ಖಾಲಿಯನ್ನೂ ಸೊನ್ನೆ, ಅಂದ್ರೆ ನೋವಿಲ್ಲ, ಅಂತ ಮಾಡ್ಕೊಳ್ಳುತ್ತೆ. ಖಾಲಿನಾ ಅಂತ ಮೊದಲು ನೋಡ್ಬೇಕಿತ್ತು..."

"ಯಂತ್ರಕ್ಕೆ ಬುದ್ಧಿ ಇಲ್ಲ, ಹಾಗೆ ಮಾಡುತ್ತೆ. ನಿಮಗೇನು ರೋಗ?"

ಅವಳು ಕೀಲಿಮಣೆಯನ್ನು ಪಕ್ಕಕ್ಕೆ ತಳ್ಳಿದಳು.

"ನಾನು ಉತ್ತರ ಕೊಡಲಿಲ್ಲ, ನಿಜ. ಇಲ್ಲ ಅಂದ್ನಾ? ಇನ್ನೊಂದ್ಸಲ ಬಂದು ಕೇಳಿದ್ರೆ ನಾಲಿಗೆ ಸವೆದುಹೋಗ್ತಿತ್ತಾ?"

"ನೀವು ಹೊರಟುಹೋದ್ರಿ..."

"ಗಾಬರಿ ಆದ್ರೆ ಜನ ಹೋಗ್ತಾರೆ, ಮಂಕೇ! ನನ್ನನ್ನ ಇದುವರೆಗೂ ಯಾರೂ ಹಾಗೆ ಕೇಳಿರಲಿಲ್ಲ!"

ಅವನು ಕುರ್ಚಿ ಅವಳತ್ತ ತಿರುಗಿಸಿದ.

"ಈಗ ಕೇಳಲಾ?"

"ಅದನ್ನೂ ನನ್ನನ್ನೇ ಕೇಳಬೇಕಾ?"

"ನನ್ನ ಮದುವೆ ಆಗ್ತೀರಾ?"

"ಹೂಂ."

ಅಕ್ಕಪಕ್ಕದ ಮೇಜುಗಳಲ್ಲಿ ಟೈಪಿಂಗ್ ನಿಂತುಹೋಗಿತ್ತು. ಅವಳು ತಲೆಯೆತ್ತಲಿಲ್ಲ.

"ವರ್ಗಾವಣೆ ಬೇಡ ಅಂತ ಈಗಲೇ ಹೋಗಿ ಹೇಳ್ತೀನಿ," ಎಂದ. ಏಳಲು ಹೊರಟವನು ಅವಳ ಮುಖ ನೋಡಿ ಮತ್ತೆ ಕುಳಿತ. "ಅಳ್ತಿದೀರಾ?"

"ಇಲ್ಲ."

ಅವನು ಅದನ್ನು ನಂಬಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟ.

"ಇದನ್ನ ಒಗೆದು ಎಷ್ಟು ವರ್ಷ ಆಯ್ತು?" ಎನ್ನುತ್ತಲೇ ಮುಖವೆಲ್ಲ ಒರೆಸಿಕೊಂಡಳು.

"ಬೆಳಿಗ್ಗೆ ತಾನೇ ಒಗೆದಿದ್ದು. ಕೊಡಿ ಈ ಕಡೆ..."

"ಕೊಡಲ್ಲ, ಹೋಗ್ರೀ!"