ಬಾಂಡೆ ಸಾಮಾನಿನ ಜೊತೆಗೊಂದು ಗೇಮಿಂಗ್ ಪಿಸಿ

"ಇದರಾಗ ಹಿಡೀಬೇಕ್ರಿ. ಇದಕ್ಕಿಂತ ಒಂದು ಬೆರಳೂ ದೊಡ್ಡದಾಗಬಾರದು!"

ತನ್ನ ಕಂಪ್ಯೂಟರ್ ಅಂಗಡಿಯ ಗಾಜಿನ ಕೌಂಟರಿನ ಮೇಲೆ ರಾಜಶ್ರೀ ಇಟ್ಟ ಡಬ್ಬವನ್ನು ಕಂಡು ಅಮೋಲ ಪಿಳಿಪಿಳಿ ಕಣ್ಣು ಬಿಟ್ಟ.

ಸೀರೆಯಲ್ಲಿ ಬಳ್ಳಿ, ಹೂವು ಮೂಡಿಸಲು ಮಗ್ಗಕ್ಕೆ ಏರಿಸುವ ರಟ್ಟುಗಳಿರುತ್ತವಲ್ಲ, ಮೈತುಂಬ ತೂತು ಇರುವಂಥವು... ಅಂಥ ಹಳೆಯ ರಟ್ಟುಗಳನ್ನು ದಾರದಿಂದ ಹೊಲಿದು ಮಾಡಿದ ಡಬ್ಬ ಅದು. ಬೂಟಿನ ಎರಡು ಡಬ್ಬಗಳನ್ನು ಜೋಡಿಸಿಟ್ಟಷ್ಟು ಗಾತ್ರ. ಬನಹಟ್ಟಿಯಿಂದ ಜಮಖಂಡಿಯವರೆಗೂ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಜಜ್ಜಿ ಹೋಗದಂತೆ ಕಾಪಾಡಿಕೊಂಡು ತಂದಿದ್ದಳು.

"ಏನ್ ಹಿಡೀಬೇಕ್ರಿ ಇದರಾಗ? ಲಾಡೂನೋ, ಚೂಡಾನೋ?"

"ಗೇಮಿಂಗ್ ಪಿಸಿ!"

ಅಮೋಲ ಜೋರಾಗಿ ನಕ್ಕುಬಿಟ್ಟ!

ರಾಜಶ್ರೀಯ ಕಿವಿ ಬಿಸಿಯಾಯಿತು. 'ಇವನೂ ಹಂಗ! ಹುಡುಗಿ ಗೇಮ್ ಅಂದ್ರ ಸಾಕು, ಎಲ್ಲಾರಿಗೂ ನಗು...' ಡಬ್ಬ ಎತ್ತಿಕೊಂಡು ಗಿರಕ್ಕನೆ ತಿರುಗಿದಳು. ಅವನು ಕೌಂಟರ್ ಸುತ್ತಿ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತ.

"ತಪ್ಪಾತ್ರಿ, ತಪ್ಪಾತು! ನಿಮಗ ನಗಲಿಲ್ರಿ. ಬಂದಾವ್ರೆಲ್ಲಾ 'ಭಾಳ ದೊಡ್ಡದು ಯಾವುದೈತಿ ಕೊಡು' ಅಂತಾರ. ಮೊದಲ ಡಬ್ಬಿ ಹೊಲಕೊಂಡು, ಆಮ್ಯಾಲೆ ಸಾಮಾನ ಕೇಳಾಕ ಬಂದಾವ್ರು ನೀವ ಒಬ್ರು. ಖುಷಿ ಆಗಿ ನಗು ಬಂತ್ರಿ."

ಅವನ ಮುಖದಲ್ಲಿ ಕುಹಕವಿರಲಿಲ್ಲ. ಆದರೂ ಅಷ್ಟು ಬೇಗ ಕರಗುವ ಜಾಯಮಾನ ಅವಳದಲ್ಲ. ಬಿಗುವಾಗಿಯೇ ಬಂದು ಕುರ್ಚಿಯಲ್ಲಿ ಕುಳಿತಳು.

"ಮನಿಯಾಗ ಮಗ್ಗ ಅದಾವೇನ್ರಿ?" ರಟ್ಟಿನ ತೂತುಗಳನ್ನು ನೋಡುತ್ತ ಕೇಳಿದ.

"ಅದಾವು. ಯಾಕ್ರಿ?"

"ಹಂಗಾದ್ರ ಇಷ್ಟು ತೂತಿನ ಕ್ಯಾಬಿನೆಟ್ ಬ್ಯಾಡ್ರಿ. ನಿಮ್ಮೂರಿಂದ ರಿಪೇರಿಗೆ ಬರೂ ಪಿಸಿ ಬಿಚ್ಚಿದ್ರ ಒಳಗ ಬರೇ ಹತ್ತಿ! ಒಂದು ತಲಿದಿಂಬು ಮಾಡಬಹುದು."

ಈಗ ನಗುವ ಸರದಿ ಅವಳದಾಯಿತು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ.

ಆವತ್ತಿನಿಂದ ಶುರುವಾಯಿತು ನೋಡಿ ಇವರಿಬ್ಬರ ಬಿಡಿಭಾಗಗಳ ಪುರಾಣ! ಮನೆಯ ಮಗ್ಗಕ್ಕೆ ಬಿಡುವಿದ್ದಾಗಲೆಲ್ಲ ರಾಜಶ್ರೀ ಜಮಖಂಡಿಯ ಬಸ್ ಹತ್ತುತ್ತಿದ್ದಳು. ಫೋನಿನಲ್ಲಿ ಮುಗಿಸಬಹುದಾದ ಮಾತಿಗೂ ಬಸ್ ಹತ್ತುತ್ತಿದ್ದಳು ಎನ್ನುವುದು ಬೇರೆ ವಿಷಯ.

ಸಣ್ಣ ಡಬ್ಬದಲ್ಲಿ ಎಲ್ಲವನ್ನೂ ಕೂರಿಸುವುದೆಂದರೆ ಸುಮ್ಮನಾಯಿತೇ? ಗೇಣಗಲದ ಪುಟ್ಟ ಮದರ್‌ಬೋರ್ಡ್ ಸಿಕ್ಕಿತು. ಅದಕ್ಕೆ ಹೊಂದುವ ಗಿಡ್ಡ ಕೂಲರ್ ಕೂಡ ಸಿಕ್ಕಿತು. ಜಗಳ ಬಿದ್ದದ್ದು ಗ್ರಾಫಿಕ್ಸ್ ಕಾರ್ಡಿನ ಮೇಲೆ. ಅವಳಿಗೆ ಮೂರು ಫ್ಯಾನಿನದೇ ಬೇಕು. ಅವನದು ಎರಡು ಫ್ಯಾನಿನದು ಸಾಕೆಂಬ ಹಟ.

"ಮೂರು ಫ್ಯಾನಿಂದಕ್ಕ ಬಲ ಐತಿ, ಖರೆ. ಆದ್ರ ಅಷ್ಟ ಬಿಸಿನೂ ಆಕ್ಕೈತಿ. ಬಿಸಿ ಹೊರಗ ಹೋಗಾಕ ತೂತು ಬೇಕು, ತೂತು ಇಟ್ರ ಹತ್ತಿ ಒಳಗ ಬರತೈತಿ. ಏನ್ ಮಾಡೂಣು ಹೇಳ್ರಿ?"

ಅವಳು ಕೆಳತುಟಿ ಕಚ್ಚಿ ಯೋಚಿಸಿದಳು.

"ಸರಿ, ಎರಡು ಫ್ಯಾನಿಂದ ಇರ್ಲಿ. ಆದ್ರ ಕ್ಯಾಬಿನೆಟ್ ಕರೀದು ಬೇಕು."

"ಬಿಳೇದು ತಗೋರಿ, ಹತ್ತಿ ಕೂತ್ರೂ ಕಾಣಂಗಿಲ್ಲ."

"ಕಾಣಬೇಕ್ರಿ! ಕಂಡ್ರ ತಾನ ಒರಸೂದು?"

ಅಮೋಲ ಎರಡೂ ಕೈ ಮೇಲೆತ್ತಿ ಸೋಲೊಪ್ಪಿಕೊಂಡ. ಕರಿಯ ಕ್ಯಾಬಿನೆಟ್ ನಿಕ್ಕಿಯಾಯಿತು. ಗಾಳಿ ಒಳಹೋಗುವ ಕಡೆಗೆ, ಬೇಕೆಂದಾಗ ತೆಗೆದು ತೊಳೆಯಬಹುದಾದ ಸಣ್ಣ ಜಾಲರಿಯನ್ನು ತಾನೇ ಕೂರಿಸಿಕೊಡುತ್ತೇನೆಂದ.

"ಹೌದು, ಯಾವ ಗೇಮ್ ಆಡ್ತೀರಿ?" ಎಂದು ಒಂದು ದಿನ ಕೇಳಿದ.

ರಾಜಶ್ರೀ ಹಿಂಜರಿದಳು. ಹಗಲೆಲ್ಲ ಕಂಪ್ಯೂಟರಿನಲ್ಲಿ ಸೀರೆಯ ಅಂಚಿಗೆ ಡಿಸೈನ್ ಬಿಡಿಸುವ ಅವಳು ಸಂಜೆ ಮಗ್ಗ ನಿಂತ ಮೇಲೆ ಅದೇ ಹಳೆಯ ಯಂತ್ರದಲ್ಲಿ ಲಾರಿ ಓಡಿಸುತ್ತಿದ್ದಳು. ಹಿಮ ಬಿದ್ದ ಬೆಟ್ಟದ ರಸ್ತೆಯಲ್ಲಿ, ಉದ್ದನೆಯ ಲಾರಿ! ವಿಜಯಪುರ ದಾಟಿ ಆಚೆಗೆ ಹೋಗದ ಹುಡುಗಿಗೆ ಆ ತಿರುವುಗಳೆಲ್ಲ ಬಾಯಿಪಾಠ. ಆದರೆ ಆ ಯಂತ್ರಕ್ಕೆ ವಯಸ್ಸಾಗಿತ್ತು. ಘಾಟಿ ಹತ್ತುವಾಗಲೆಲ್ಲ ಪರದೆ ಸ್ತಬ್ಧವಾಗುತ್ತಿತ್ತು.

"ಲಾರಿ ಓಡಸೂದ್ರಿ..." ಎಂದು ಮೆಲ್ಲಗೆ ಹೇಳಿದಳು. ನಗುತ್ತಾನೇನೋ ಎಂದು ಕಾದಳು.

ಅಮೋಲ ನಗಲಿಲ್ಲ. "ಲೋಡ್ ಏನ್ ಹಾಕ್ತೀರಿ?" ಎಂದು ಕೇಳಿದ. "ನಮ್ಮೂರು ಗಲಗಲಿರೀ, ಕಬ್ಬಿನ ಟ್ರ್ಯಾಕ್ಟರ್ ಓಡಿಸಿ ಗೊತ್ತೈತಿ. ಇಳಿಜಾರದಾಗ ಲೋಡ್ ಹಿಂದಿಂದ ತಳ್ಳತೈತಿ ನೋಡ್ರಿ, ಜೀವ ಕೈಯಾಗ ಬರತೈತಿ!"

ಅಷ್ಟೇ. ರಾಜಶ್ರೀ ಸೋತದ್ದು ಅಲ್ಲಿಯೇ. ಮನೆಗೆ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ತನ್ನಷ್ಟಕ್ಕೆ ನಗುತ್ತ ಕುಳಿತಿದ್ದಳು. 'ಲೋಡ್ ಏನ್ ಹಾಕ್ತೀರಿ ಅಂತ ಕೇಳಿದ್ನಲ್ಲ... ಇಂಥಾದ್ದು ಯಾರರೇ ಕೇಳ್ತಾರೇನು!'

ಅದಕ್ಕೂ ಕಾರಣವಿತ್ತು. ಹಿಂದಿನ ವರ್ಷ ಮುಧೋಳದ ಕಡೆಯಿಂದ ಅವಳನ್ನು ನೋಡಲು ಬಂದಿದ್ದ ವರ, ಹತ್ತು ಜನರ ನಡುವೆ ಹೇಳಿದ್ದ: "ಲಾರಿ ಆಟಾನ? ಲಗ್ನಾದ ಮ್ಯಾಲೆ ಅವೆಲ್ಲಾ ನಮ್ಮನ್ಯಾಗ ನಡೆಯಂಗಿಲ್ಲ." ಆ ಸಂಬಂಧವನ್ನು ಅವಳು ಬೇಡವೆಂದಿದ್ದಳು. ಜೊತೆಗೆ ಮನಸ್ಸಿನಲ್ಲೇ ಒಂದು ಪಣ ತೊಟ್ಟಿದ್ದಳು. ತಾನು ಯಾವ ಮನೆಗೆ ಹೋದರೂ ತನ್ನ ಯಂತ್ರವೂ ತನ್ನೊಡನೆ ಬರಬೇಕು. ಬ್ಯಾಗಿಗೆ ಹಾಕಿಕೊಂಡು ಹೊರಡುವಷ್ಟು ಸಣ್ಣದಿರಬೇಕು!

ಇದೇ ಮಾತು ಆಮೇಲೆ ಎಡವಟ್ಟಾಯಿತು.

ಸಾಮಾನೆಲ್ಲ ಬಂದ ದಿನ ಅಮೋಲ ಕ್ಯಾಬಿನೆಟ್ಟಿನ ಸ್ಕ್ರೂ ಬಿಚ್ಚುತ್ತ, "ಇಷ್ಟು ಸಣ್ಣದ ಯಾಕ್ರಿ? ಮನ್ಯಾಗ ಜಾಗಾ ಇಲ್ಲೇನ್ರಿ?" ಎಂದು ಕೇಳಿದ.

"ಜಾಗಾ ಐತ್ರಿ. ಲಗ್ನಾದ ಮ್ಯಾಲೆ ನನ್ನ ಕೂಡ ಬರಬೇಕಲ್ಲ ಇದು! ನಮ್ಮವ್ವ ಬಾಂಡೆ ಸಾಮಾನೆಲ್ಲ ತಂದು ಹೆಸರು ಹಾಕಿಸಿ ಇಟ್ಟಾಳ. ಅದರ ಕೂಡ ಇದೂ ಒಂದು!"

ಅವಳು ನಗುತ್ತ ಹೇಳಿದ್ದಳು. ಅಮೋಲನ ಕೈ ಅಲ್ಲೇ ನಿಂತಿತು.

ಅಮೋಲನ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಬಾಂಡೆ, ಪಾತ್ರೆ ಕೊಳ್ಳುವುದು ಮದುವೆ ನಿಶ್ಚಯವಾದ ಮೇಲೆಯೇ. ಅಕ್ಕನಿಗೂ ಹಾಗೇ ಆಗಿತ್ತು. ಪಾತ್ರೆ ಬಂದವು, ಹೆಸರು ಹಾಕಿಸಿದರು ಅಂದರೆ ವರ ಸಿಕ್ಕ, ತಾರೀಖೂ ಗೊತ್ತಾಯಿತು ಎಂದೇ ಲೆಕ್ಕ. ರಾಜಶ್ರೀಯ ಅವ್ವ ಅನಸವ್ವನೋ, ಮಗಳು ಲಂಗ ತೊಡುವ ಕಾಲದಿಂದಲೂ ಪ್ರತಿ ದೀಪಾವಳಿಗೆ ಒಂದೊಂದು ಪಾತ್ರೆ ಕೂಡಿಸಿಟ್ಟವಳು! ಇದು ಅವನಿಗೆ ಹೇಗೆ ತಿಳಿಯಬೇಕು?

"ಛಲೋ ಆತ್ರಿ, ಮೇಡಂ," ಎಂದ. ಅಲ್ಲಿಯವರೆಗೆ ಒಮ್ಮೆಯೂ ಮೇಡಂ ಅಂದಿರಲಿಲ್ಲ. "ಜೋಡಿಸಿ ಇಡ್ತೇನ್ರಿ. ಫೋನ್ ಮಾಡ್ತೇನಿ."

ಆ ಫೋನ್ ಬರಲಿಲ್ಲ. 'ಟೆಸ್ಟಿಂಗ್ ನಡೆದಿದೆ' ಎಂದು ಒಂದು ಮೆಸೇಜ್ ಬಂತು. ಅವಳು ಕಳಿಸಿದ ಲಾರಿಯ ಚಿತ್ರಕ್ಕೆ ಬರೀ ಒಂದು ಹೆಬ್ಬೆರಳು ಬಂತು.

ರಾಜಶ್ರೀಗೆ ಅನ್ನ ಸೇರದಾಯಿತು. 'ಲಗ್ನಾದ ಮ್ಯಾಲೂ ಆಟ ಆಡ್ತೇನಿ ಅಂದದ್ದಕ್ಕ ಮನಸ್ಸು ಮುರಕೊಂಡ... ಹಂಗಾದ್ರ ಇವನೂ ಮುಧೋಳದವ್ನಂಗ! ಅಂಗಡ್ಯಾಗ ಕೂತು ಮಾತಾಡಾಕಷ್ಟ ಛಲೋ ಹುಡುಗಿ, ಮನಿಗೆ ಬ್ಯಾಡ!' ಎಷ್ಟು ಒರೆಸಿಕೊಂಡರೂ ಕಣ್ಣು ತುಂಬುತ್ತಲೇ ಇದ್ದವು. ಅವನು ಬೇಕು. ಆದರೆ ಅವನಿಗಾಗಿ ತನ್ನದನ್ನು ಬಿಟ್ಟು ಹೋಗಲಾರಳು. ಈ ಎರಡೂ ಒಟ್ಟಿಗೆ ಸಿಗುವುದಿಲ್ಲವೇನೋ ಎಂದು ಮನಸ್ಸು ಕೊರಗುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಅಮೋಲ ತಾನೇ ಪಿಸಿ ಹೊತ್ತುಕೊಂಡು ಬನಹಟ್ಟಿಗೆ ಬಂದ. ಯಾರ ಕೈಯಲ್ಲಾದರೂ ಕಳಿಸಬಹುದಿತ್ತು. ಕಳಿಸಲು ಮನಸ್ಸಾಗಲಿಲ್ಲ.

ಮಗ್ಗಗಳ ಸದ್ದಿಗೆ ಮನೆಯೇ ನಡುಗುತ್ತಿತ್ತು. ಒಳಗಿನ ಕೋಣೆಯಲ್ಲಿ ರಾಜಶ್ರೀಯ ಅಪ್ಪ ಪರಸಪ್ಪ ಮಗ್ಗದ ಮುಂದೆ ನಿಂತಿದ್ದ. ರಾಜಶ್ರೀ ಅವನ ಪಕ್ಕದಲ್ಲಿ ಹರಿದ ಎಳೆ ಕಟ್ಟುತ್ತಿದ್ದಳು. ಅಮೋಲನನ್ನು ಕಂಡರೂ ಕಾಣದವಳಂತೆ ತಲೆ ಬಗ್ಗಿಸಿಕೊಂಡಳು.

ಅನಸವ್ವ ಚಹಾ ತಂದಿಟ್ಟಳು. ಅಷ್ಟರಲ್ಲಿ ಕರೆಂಟ್ ಹೋಯಿತು, ಮಗ್ಗಗಳೆಲ್ಲ ನಿಂತವು!

ಒಮ್ಮೆಲೇ ಎಂಥ ಮೌನ! ಎಳೆ ಹಿಡಿದಿದ್ದ ರಾಜಶ್ರೀಗೆ ಪಡಸಾಲೆಯ ಮಾತು ಅಕ್ಷರ ಅಕ್ಷರವಾಗಿ ಕೇಳತೊಡಗಿತು.

"ಟೇಬಲ್ ಮ್ಯಾಗಿನ ಆ ಕೊಡ ಕೆಳಗಿಡಪಾ, ನಿನ್ನ ಪೆಟಿಗಿಗೆ ಜಾಗಾ ಆಗ್ಲಿ," ಎಂದಳು ಅನಸವ್ವ.

ಅಮೋಲ ಹೊಳೆಯುವ ಸ್ಟೀಲ್ ಕೊಡವನ್ನೆತ್ತಿದ. ಕುತ್ತಿಗೆಯ ಸುತ್ತ ಚುಕ್ಕೆ ಚುಕ್ಕೆಯಾಗಿ ಕೊರೆದಿತ್ತು: ರಾಜಶ್ರೀ. ಮುಂದೆ ನಾಲ್ಕಾರು ಅಕ್ಷರದಷ್ಟು ಜಾಗ ಖಾಲಿ.

"ಅವ್ವಾರ... ಅಳಿಯಾಂದು ಹೆಸರ ಹಾಕಿಸಿಲ್ರಲ್ರಿ?"

"ಅಳಿಯಾ ಸಿಗಬೇಕಲ್ಲಪಾ ಮೊದಲ! ಬಂದಾವ್ರನ್ನೆಲ್ಲಾ ಬ್ಯಾಡ ಅಂತಾಳ ನನ್ನ ಮಗಳು. ನಾ ಜಾಗಾ ಬಿಟ್ಟು ಬಿಟ್ಟು ಕೊರಸಿ ಇಟ್ಟೇನಿ!"

ಅನಸವ್ವ ನಗುತ್ತ ಅಡಿಗೆಮನೆಗೆ ಹೋದಳು. ರಾಜಶ್ರೀ ಎದ್ದು ಬಂದಳು.

"ಒಂದು ಮಾತು ಕೇಳ್ತೇನಿ, ಖರೆ ಹೇಳ್ರಿ. ಗಂಡನ ಮನ್ಯಾಗೂ ಗೇಮ್ ಆಡ್ತೇನಿ ಅಂದದ್ದು ನಿಮಗ ಅಷ್ಟು ತಪ್ಪನಿಸ್ತೇನ್ರಿ?"

"ತಪ್ಪಾ?!" ಅಮೋಲ ಕೊಡವನ್ನು ಎದೆಗವಚಿಕೊಂಡೇ ನಿಂತಿದ್ದ. "ನಿಮ್ಮ ಲಗ್ನ ನಿಕ್ಕಿ ಆಗೇತಿ ಅಂತ ತಿಳಕೊಂಡಿದ್ನಿ. ಬಾಂಡೆಕ್ಕ ಹೆಸರು ಹಾಕಿಸ್ಯಾರ ಅಂದ್ರಲ್ರಿ..."

"ಯಾರ ಕೂಡ ಅಂತರೇ ಕೇಳಬಾರದೇನ್ರಿ?"

"ಧೈರ್ಯ ಆಗಲಿಲ್ಲ. ಆ ಹೆಸರು ಕೇಳೂ ಶಕ್ತಿ ಇರಲಿಲ್ರಿ ನನಗ." ಅವನು ತಾನು ತಂದ ಪೆಟ್ಟಿಗೆಯತ್ತ ನೋಡಿದ. "ಈ ಪಿಸಿ ಜೋಡಸೂವಾಗ ದಿನಾ ಅನಿಸೂದು, ಇದು ಯಾರ ಮನಿಗೆ ಹೊಂಟೈತೋ ಅಂತ. ಎಷ್ಟೋ ಸಲ ಬಿಚ್ಚಿದ್ನಿ, ಮತ್ತ ಜೋಡಿಸಿದ್ನಿ. ಮುಗದ್ರ ನೀವು ಅಂಗಡಿಗೆ ಬರಂಗಿಲ್ಲಲ್ಲ..."

ರಾಜಶ್ರೀಯ ಕಣ್ಣು ತುಂಬಿ ಬಂದವು. ಈ ಸಲ ಅವಳು ಒರೆಸಿಕೊಳ್ಳಲಿಲ್ಲ.

"ನಾ ಭಾಳ ಆಡ್ತೇನ್ರಿ. ಸಂಜೀಕ ಕೂತ್ನೆಂದ್ರ ಊಟಾನೂ ಮರೀತೇನಿ."

"ನಾ ಮಾಡ್ತೇನ್ರಿ ಊಟ. ರೊಟ್ಟಿ ಸೊಟ್ಟ ಆಗ್ತಾವು, ಆದ್ರ ಪಲ್ಯ ಛಲೋ ಮಾಡ್ತೇನಿ. ಘಾಟಿ ಇಳಿಯೂವಾಗ ಬಾಜೂಕ ಕೂತು ಬ್ರೇಕ್ ಹಿಡೀರಿ ಅಂತಾನೂ ಹೇಳ್ತೇನಿ." ಅವನು ಉಸಿರೆಳೆದುಕೊಂಡ. "ಆ ಖಾಲಿ ಜಾಗಾದಾಗ... ನನ್ನ ಹೆಸರು ಹಿಡೀತೈತೇನ್ರಿ, ರಾಜಶ್ರೀ?"

ಅವಳು ತುಟಿ ತೆರೆದಳು. ಅದೇ ಹೊತ್ತಿಗೆ ಕರೆಂಟ್ ಬಂತು!

ಮಗ್ಗಗಳೆಲ್ಲ ಒಟ್ಟಿಗೆ ಅಬ್ಬರಿಸಿದವು. ರಾಜಶ್ರೀ ಏನೋ ಹೇಳಿದಳು. ತುಟಿ ಅಲುಗಿದ್ದಷ್ಟೇ ಅಮೋಲನಿಗೆ ಕಂಡಿತು.

"ಏನಂದ್ರಿ? ಕೇಳಲಿಲ್ರಿ!"

ಮಗ್ಗದ ಮನೆಯವರು ಸದ್ದಿನ ನಡುವೆ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಗಲಗಲಿಯ ಈ ರೈತನ ಮಗನಿಗೆ ಆ ವಿದ್ಯೆ ಎಲ್ಲಿಂದ ಬರಬೇಕು? ರಾಜಶ್ರೀ ಮತ್ತೊಮ್ಮೆ ಹೇಳಿದಳು. ಅವನು ಕಂಗಾಲಾಗಿ ಕಿವಿಯ ಹಿಂದೆ ಕೈಯಿಟ್ಟುಕೊಂಡ.

ಅಡಿಗೆಮನೆಯ ಬಾಗಿಲಲ್ಲಿ ಅನಸವ್ವ ಯಾವಾಗ ಬಂದು ನಿಂತಿದ್ದಳೋ! ಮಗಳ ತುಟಿಯನ್ನೇ ನೋಡುತ್ತಿದ್ದವಳು ಸೆರಗಿನಿಂದ ಕಣ್ಣೊತ್ತಿಕೊಂಡು, ಮಗ್ಗದ ಸದ್ದನ್ನೂ ಮೀರಿಸಿ ಕೂಗಿದಳು.

"ಹೂಂ ಅನ್ನಾಕತ್ತಾಳಪೋ! ಎರಡು ಸಲ ಅಂದ್ಳು!"

ರಾಜಶ್ರೀ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಮೋಲ ಹತ್ತಿರ ಬಂದು, ಅವಳ ಕಿವಿಯ ಬಳಿ ಬಗ್ಗಿದ.

"ನನಗ ಕೇಳಂಗ ಒಮ್ಮೆ ಹೇಳ್ರಿ..."

"ಹೂಂ," ಎಂದಳು ಬೆರಳುಗಳ ಸಂದಿನಿಂದ. "ಮೊದಲ ಕೊಡ ಕೆಳಗಿಡ್ರಿ, ಅಪ್ಪ ನೋಡಾಕತ್ತಾನ."